ಉಮಾಶಂಕರ ಜೋಶಿ: ಶ್ರದ್ಧೆಯನ್ನು ಪರೀಕ್ಷೆಗೆ ಒಡ್ಡಿದ ಕವಿ

1967ರ ಜ್ಞಾನಪೀಠ ಪ್ರಶಸ್ತಿಯ ಮಾತು ಬಂದಾಗ ಕನ್ನಡಿಗರಾದ ನಾವು ಕುವೆಂಪು ಅವರ ಹೆಸರನ್ನೂ ‘ಶ್ರೀ ರಾಮಾಯಣ ದರ್ಶನಂ’ ಕೃತಿಯನ್ನೂ ನೆನೆದು ಅಲ್ಲಿಗೇ ನಿಲ್ಲುತ್ತೇವೆ. ಜಿ. ಶಂಕರ ಕುರುಪ್ ಮತ್ತು ತಾರಾಶಂಕರ ಬಂದ್ಯೋಪಾಧ್ಯಾಯ ಅವರ ನಂತರ ಬಂದ ಈ ಮೂರನೆಯ ಪ್ರಶಸ್ತಿಯನ್ನು ಮೊದಲ ಬಾರಿಗೆ ಇಬ್ಬರಿಗೆ ಹಂಚಲಾಗಿತ್ತು. ಆ ಇನ್ನೊಬ್ಬರು ಗುಜರಾತಿಯ ಕವಿ ಉಮಾಶಂಕರ ಜೋಶಿ. ಪುರಸ್ಕಾರ ಪಡೆದ ಅವರ ಕೃತಿ 1939ರಲ್ಲಿ ಪ್ರಕಟವಾದ ‘ನಿಶೀಥ’ ಎಂಬ ಕವನ ಸಂಕಲನ. ಕುವೆಂಪು ಅವರೊಡನೆ ಒಂದೇ ಗೌರವವನ್ನು ಹಂಚಿಕೊಂಡ ಈ ಕವಿಯ ಒಂದು ಸಾಲೂ ನಮ್ಮಲ್ಲಿ ಬಹುಪಾಲು ಜನರಿಗೆ ಪರಿಚಯವಿಲ್ಲ ಎಂಬುದು ನನ್ನನ್ನು ಬಹುಕಾಲದಿಂದ ಕಾಡಿದ ಸಂಗತಿ. ಹೀಗಾಗಿ ಇಂದು ಅವರ ಬದುಕನ್ನೂ ಕಾವ್ಯವನ್ನೂ ಒಟ್ಟಿಗೆ ಇರಿಸಿಕೊಂಡು, ನನಗೆ ಮುಖ್ಯವೆನಿಸಿದ ಒಂದು ವಿಚಾರವನ್ನು ನಿಮ್ಮ ಮುಂದೆ ಬಿಡಿಸಲು ಪ್ರಯತ್ನಿಸುತ್ತೇನೆ. ತಾರುಣ್ಯದಲ್ಲಿ ದೊರೆತ ಒಂದು ದೊಡ್ಡ ಶ್ರದ್ಧೆಯನ್ನು ಈ ಕವಿ ಜೀವನಪೂರ್ತಿ ವಾಸ್ತವದ ಎದುರಿಗೆ ತಂದು ನಿಲ್ಲಿಸುತ್ತಲೇ ಇದ್ದರು, ಅದು ಬಿರುಕು ಬಿಟ್ಟಾಗ ಬಿರುಕನ್ನು ಮುಚ್ಚಿಡಲಿಲ್ಲ ಎಂಬುದೇ ಆ ವಿಚಾರ.

ಉಮಾಶಂಕರರು ಹುಟ್ಟಿದ್ದು 1911ರ ಜುಲೈ 21ರಂದು, ಉತ್ತರ ಗುಜರಾತಿನ ಬಾಮಣಾ ಎಂಬ ಹಳ್ಳಿಯಲ್ಲಿ. ಅರಾವಳಿ ಬೆಟ್ಟಗಳ ಸೆರಗಿನಲ್ಲಿರುವ ಆ ಊರು ಆಗ ಈಡರ್ ಸಂಸ್ಥಾನಕ್ಕೆ ಸೇರಿತ್ತು. ತಂದೆ ಜೇಠಾಲಾಲರು ಸಣ್ಣಪುಟ್ಟ ಜಹಗೀರುಗಳ ಕಾರಭಾರಿಯಾಗಿದ್ದರು, ತಾಯಿ ನವಲಬಾಯಿ. ಒಂಬತ್ತು ಮಕ್ಕಳ ಆ ಸಂಸಾರದಲ್ಲಿ ಇವರು ಮೂರನೆಯವರು. ಓದಿನ ಮೊದಲ ಘಟ್ಟ ಈಡರಿನಲ್ಲಿ ಕಳೆಯಿತು. ಮೆಟ್ರಿಕ್ಯುಲೇಷನ್ ಮುಗಿಸಿ 1928ರಲ್ಲಿ ಅಹಮದಾಬಾದಿನ ಗುಜರಾತ್ ಕಾಲೇಜನ್ನು ಸೇರಿದರು. ಅದೇ ವರ್ಷ ಆಬೂ ಪರ್ವತದ ನಖೀ ಸರೋವರದ ಮೇಲೆ ಶರತ್ಪೂರ್ಣಿಮೆಯನ್ನು ಕಂಡು ಅವರು ಬರೆದ ಸಾನೆಟ್ಟೊಂದರಲ್ಲಿ, ಅಂದರೆ ಹದಿನಾಲ್ಕು ಸಾಲಿನ ಕವಿತೆಯೊಂದರಲ್ಲಿ, ಸೌಂದರ್ಯಗಳನ್ನು ಕುಡಿ, ಆಮೇಲೆ ಎದೆಯ ಝರಿ ತಾನಾಗಿಯೇ ಹಾಡುತ್ತದೆ ಎಂಬ ಅರ್ಥದ ಸಾಲು ಬರುತ್ತದೆ. ಮಂದಾಕ್ರಾಂತವೆಂಬ ಸಂಸ್ಕೃತ ವೃತ್ತದಲ್ಲಿರುವ ಆ ಸಾಲನ್ನು ಇಂದಿಗೂ ಗುಜರಾತಿನಲ್ಲಿ ಶಾಲೆಯ ಹುಡುಗರೂ ಹೇಳಬಲ್ಲರು. ಹದಿನೇಳರ ಹುಡುಗನಿಗೆ ಅಷ್ಟು ಸಾಕಿತ್ತು. ದಾರಿ ತೋರುವವರಿಲ್ಲದೆ ಬೆಟ್ಟಗಳನ್ನು ಅಲೆಯಬೇಕು, ಕಾಡಿನ ಒಂದೊಂದು ಪೊದೆಯನ್ನೂ ನೋಡಬೇಕು ಎಂದು ಹಂಬಲಿಸುವ ‘ಭೋಮಿಯಾ ವಿನಾ’ ಎಂಬ ಅವರ ಪ್ರಸಿದ್ಧ ಗೀತೆಯಲ್ಲಿ ಮಾತನಾಡುವವನು ಇದೇ ಹುಡುಗ.

ಆದರೆ ಕಾಲ ಅವರನ್ನು ಬೆಟ್ಟಗಳಲ್ಲಿ ಇರಗೊಡಲಿಲ್ಲ. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿ ಆಶ್ರಮದಿಂದ ದಂಡಿಯತ್ತ ಹೊರಟರು. ಕಾಲೇಜು ಇದ್ದದ್ದು ಅದೇ ಅಹಮದಾಬಾದಿನಲ್ಲಿ. ಏಪ್ರಿಲಿನಲ್ಲಿ ಉಮಾಶಂಕರರು ಓದು ಬಿಟ್ಟು ವೀರಮಗಾಮದ ಸತ್ಯಾಗ್ರಹ ಶಿಬಿರವನ್ನು ಸೇರಿದರು, ಬಂಧನಕ್ಕೊಳಗಾದರು, ಸಾಬರಮತಿ ಮತ್ತು ಯರವಡಾ ಜೈಲುಗಳನ್ನು ಕಂಡರು. ಬಿಡುಗಡೆಯಾದ ಮೇಲೆ 1931ರಲ್ಲಿ ಗುಜರಾತ್ ವಿದ್ಯಾಪೀಠದಲ್ಲಿ ಕಾಕಾ ಕಾಲೇಲ್ಕರ್ ಅವರ ಅಂತೇವಾಸಿಯಾಗಿ, ಅಂದರೆ ಜೊತೆಯಲ್ಲಿದ್ದು ಕಲಿಯುವ ಶಿಷ್ಯನಾಗಿ ಉಳಿದರು. ಮಾತೃಭಾಷೆ ಮರಾಠಿಯಾದರೂ ಗುಜರಾತಿ ಗದ್ಯದ ಹಿರಿಯ ಶೈಲಿಕಾರರಲ್ಲಿ ಒಬ್ಬರಾದ ಕಾಲೇಲ್ಕರರ ನೆರಳಿನಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ ಅವರ ಮೊದಲ ಪುಸ್ತಕ ಬಂತು. ಅದು ‘ವಿಶ್ವಶಾಂತಿ’ ಎಂಬ ಖಂಡಕಾವ್ಯ.

ಆ ಕಾವ್ಯದ ಆರಂಭವನ್ನು ಗುಜರಾತಿಯಲ್ಲಿಯೇ ಒಮ್ಮೆ ಕೇಳಿ: ‘ತ್ಯಾಂ ದೂರಥೀ ಮಂಗಲ ಶಬ್ದ ಆವತೋ’. ಅಗೋ, ದೂರದಿಂದ ಮಂಗಳ ಶಬ್ದವೊಂದು ಬರುತ್ತಿದೆ. ಶತಮಾನಗಳಿಂದ ಮೌನವಾಗಿದ್ದ ಗುಮ್ಮಟಗಳನ್ನು ಮೊಳಗಿಸುತ್ತ ಚೇತನಮಂತ್ರವೊಂದು ಬರುತ್ತಿದೆ ಎಂದು ಸಾಲುಗಳು ಮುಂದುವರಿಯುತ್ತವೆ. ಸಂಸ್ಕೃತ ವೃತ್ತಗಳ ನಡಿಗೆ ಬಲ್ಲವರಿಗೆ ಇದು ಇಂದ್ರವಂಶವೆಂದು ಕಿವಿಯೇ ಹೇಳುತ್ತದೆ. ಇದೇ ಕಾವ್ಯದಲ್ಲಿ, ಈ ವಿಶಾಲ ಜಗತ್ತಿನಲ್ಲಿ ಮನುಷ್ಯನೊಬ್ಬನೇ ಇಲ್ಲ, ಪ್ರಾಣಿಗಳಿವೆ, ಹಕ್ಕಿಗಳಿವೆ, ಹೂವುಗಳಿವೆ, ವನಗಳ ಸಸ್ಯರಾಶಿಯಿದೆ ಎಂಬ ಮಾತು ಬರುತ್ತದೆ. ಗಾಂಧೀಜಿಯ ಅಹಿಂಸೆಯ ಕರೆಯನ್ನು ರಾಷ್ಟ್ರದ ಬಿಡುಗಡೆಯ ಉಪಾಯವೆಂದು ಮಾತ್ರ ಕಾಣದೆ, ಸಕಲ ಜೀವಗಳ ನಡುವಿನ ಶಾಂತಿಯ ಕರೆಯೆಂದು ಕೇಳಿಸಿಕೊಂಡ ಕವಿ ಇವರು. ಜೈಲಿನಿಂದ ಆಗಷ್ಟೇ ಹೊರಬಂದ ತರುಣ ಆಳುವವರ ಬಗ್ಗೆ ಸಿಟ್ಟಿನ ಕಾವ್ಯ ಬರೆಯುವ ಬದಲು ಹೀಗೆ ಬರೆದನೆಂಬುದನ್ನು ನೀವು ಗಮನಿಸಬೇಕು. ‘ವ್ಯಕ್ತಿ ಮಟೀ ಬನುಂ ವಿಶ್ವಮಾನವೀ’, ಅಂದರೆ ವ್ಯಕ್ತಿತ್ವವನ್ನು ಅಳಿಸಿಕೊಂಡು ನಾನು ವಿಶ್ವಮಾನವನಾಗುವೆ, ವಸುಂಧರೆಯ ಧೂಳನ್ನು ತಲೆಯ ಮೇಲೆ ಧರಿಸುವೆ ಎಂದು ಅವರು ಬರೆದರು. ‘ಓ ನನ್ನ ಚೇತನ, ಆಗು ನೀ ಅನಿಕೇತನ’ ಎಂಬ ಹಾಡನ್ನು ಕೇಳುತ್ತ ಬೆಳೆದ ನಮಗೆ ಈ ಹಂಬಲ ಅಪರಿಚಿತವೆನಿಸುವುದಿಲ್ಲ. ಮಲೆನಾಡಿನ ಕುಪ್ಪಳಿಯಿಂದಲೂ ಅರಾವಳಿಯ ಬಾಮಣಾದಿಂದಲೂ ಹೊರಟ ಇಬ್ಬರು, ಒಬ್ಬರನ್ನೊಬ್ಬರು ಅನುಕರಿಸದೆ, ಒಂದೇ ಆದರ್ಶವನ್ನು ತಲುಪಿದ್ದರು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದು ಆ ಕಾಲದ ಗುಜರಾತಿ ಕಾವ್ಯದ ಸ್ಥಿತಿಯನ್ನು ಹೇಳದಿದ್ದರೆ ಮುಂದಿನ ಮಾತು ಸ್ಪಷ್ಟವಾಗುವುದಿಲ್ಲ. ಎರಡು ಬೇಡಿಕೆಗಳು ಆಗ ಕವಿಗಳನ್ನು ಎರಡು ದಿಕ್ಕಿಗೆ ಎಳೆಯುತ್ತಿದ್ದವು. ಬಾವಿಯಿಂದ ಚರ್ಮದ ಚೀಲದಲ್ಲಿ ನೀರೆತ್ತುವ ‘ಕೋಸಿಯೊ’, ಅಂದರೆ ನಮ್ಮಲ್ಲಿ ಕಪಿಲೆ ಹೊಡೆಯುವ ರೈತ, ಅವನಿಗೂ ಅರ್ಥವಾಗುವ ಸಾಹಿತ್ಯ ಬೇಕೆಂದು ಗಾಂಧೀಜಿ ಬರಹಗಾರರನ್ನು ಕೇಳಿದ್ದರು. ಇನ್ನೊಂದು ಕಡೆ ಗುಜರಾತಿಗೆ ಸಾನೆಟ್ಟನ್ನು ತಂದ ಬಲವಂತರಾಯ ಠಾಕೋರರು ಕಾವ್ಯಕ್ಕೆ ವಿಚಾರದ ಗಟ್ಟಿತನ ಬೇಕು, ಪದ್ಯ ಹಾಡಿನ ಹಂಗಿನಿಂದ ಹೊರಬರಬೇಕು ಎಂದು ವಾದಿಸಿ, ಪೃಥ್ವೀ ವೃತ್ತವನ್ನು ಮಾತಿನ ಓಟಕ್ಕೆ ಹೊಂದುವಂತೆ ಬಳಸಿ ತೋರಿಸಿದ್ದರು. ಕಪಿಲೆಯವನಿಗೂ ತಿಳಿಯಬೇಕು, ಪಂಡಿತನ ವಿಚಾರವನ್ನೂ ಹೊರಬೇಕು ಎಂಬ ಈ ಬಿಕ್ಕಟ್ಟಿನಲ್ಲಿ ಉಮಾಶಂಕರರೂ ಅವರ ಸಮಕಾಲೀನ ಕವಿ ಸುಂದರಮ್ ಅವರೂ ತಮ್ಮ ದಾರಿ ಹುಡುಕಬೇಕಾಯಿತು. ಉಮಾಶಂಕರರು ಹುಡುಕಿದ ದಾರಿ ನನಗೆ ಬಹಳ ಕುತೂಹಲದ್ದೆನಿಸುತ್ತದೆ. ಹಳ್ಳಿಗರ ಮಾತನ್ನು ಅವರು ನಾಟಕಕ್ಕೆ ತಂದರು. 1936ರ ‘ಸಾಪನಾ ಭಾರಾ’ ಎಂಬ ಏಕಾಂಕಗಳ ಸಂಕಲನದಲ್ಲಿ ಈಡರ್ ಸೀಮೆಯ ಆಡುಮಾತು, ಆ ಹಳ್ಳಿಗಳ ಹೆಂಗಸರ ಸಂಕಟ, ಜಾತಿ ಮತ್ತು ಬಡತನದ ಕ್ರೌರ್ಯ ಯಾವ ಅಲಂಕಾರವೂ ಇಲ್ಲದೆ ಬಂದಿವೆ. ಕವಿತೆಯಲ್ಲಾದರೋ ಸಂಸ್ಕೃತ ವೃತ್ತಗಳನ್ನು ಉಳಿಸಿಕೊಂಡು, ಅವುಗಳೊಳಗೆ ಹಸಿದವರನ್ನು ತಂದು ಕೂರಿಸಿದರು.

‘ಜಠರಾಗ್ನಿ’ ಎಂಬ 1932ರ ಕವಿತೆ ಇದಕ್ಕೆ ಸಾಕ್ಷಿ. ಕಟ್ಟಿರಿ, ಆಕಾಶವನ್ನು ಮುತ್ತಿಡುವ ಮಂದಿರಗಳನ್ನು ಕಟ್ಟಿರಿ, ಅರಮನೆಗಳನ್ನು, ಮಿನಾರುಗಳನ್ನು ಎಬ್ಬಿಸಿರಿ, ಸ್ಫಟಿಕ ಹೊದಿಸಿರಿ, ತೂಗುದೀಪಗಳನ್ನು ಇಳಿಬಿಡಿರಿ, ಕಾರಂಜಿಗಳನ್ನು ಚಿಮ್ಮಿಸಿರಿ ಎಂದು ಕವಿತೆ ಆಳುವವರನ್ನೂ ಉಳ್ಳವರನ್ನೂ ಹುರಿದುಂಬಿಸುವಂತೆ ಆರಂಭವಾಗುತ್ತದೆ. ಎದೆಯನ್ನು ಅದುಮುವ ಈ ಕಲ್ಲುಗಳ ಭಾರವನ್ನು ನಾಳೆ ಬರುವ ಕಾಲ ಎಷ್ಟು ದಿನ ಸಹಿಸೀತು ಎಂಬ ಪ್ರಶ್ನೆ ನಡುವೆ ಏಳುತ್ತದೆ. ಕೊನೆಯ ಎರಡು ಸಾಲು ಹೀಗಿವೆ:

ಭೂಖ್ಯಾಂ ಜನೋನೋ ಜಠರಾಗ್ನಿ ಜಾಗಶೇ;
ಖಂಡೇರನೀ ಭಸ್ಮಕಣೀ ನ ಲಾಧಶೇ!

ಹಸಿದ ಜನರ ಜಠರಾಗ್ನಿ ಎಚ್ಚರಗೊಳ್ಳುತ್ತದೆ. ಆಗ ಪಾಳುಬಿದ್ದ ಗೋಡೆಗಳ ಬೂದಿಯ ಕಣವೂ ಸಿಗಲಾರದು ಎಂದು ಇದರ ಅರ್ಥ. ಈ ಎರಡು ಸಾಲುಗಳ ಗುರು ಲಘುಗಳನ್ನು ಎಣಿಸಿ ನೋಡಿ. ದೂರದಿಂದ ಮಂಗಳ ಶಬ್ದ ಬರುತ್ತಿದೆ ಎಂದ ಅದೇ ಇಂದ್ರವಂಶ ಇದು. ಒಂದು ವರ್ಷದ ಅಂತರದಲ್ಲಿ, ಅದೇ ಹನ್ನೆರಡು ಅಕ್ಷರಗಳ ಅಳತೆಯಲ್ಲಿ, ಶಾಂತಿಯ ಭರವಸೆಯೂ ವಿನಾಶದ ಎಚ್ಚರಿಕೆಯೂ ಬಂದಿವೆ. ಕವಿ ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೆಂದು ನಾನು ವಾದಿಸುತ್ತಿಲ್ಲ. ಆದರೆ ಹಸಿವು ಇರುವಲ್ಲಿ ಮಂಗಳ ಶಬ್ದ ಕೇಳಿಸುವುದಾದರೂ ಹೇಗೆ ಎಂಬ ಪ್ರಶ್ನೆಯನ್ನು ಅವರ ಕಾವ್ಯವೇ ಅವರಿಗೆ ಹಾಕಿತೆಂದು ನಾನು ದೃಢವಾಗಿ ನಂಬುತ್ತೇನೆ. ಇದು ಮೊದಲ ಪರೀಕ್ಷೆ.

ಎರಡನೆಯದು ಮುಂಬಯಿಯಲ್ಲಿ ನಡೆಯಿತು. 1932ರಲ್ಲಿ ಮತ್ತೊಮ್ಮೆ ಸೆರೆವಾಸ ಅನುಭವಿಸಿ, ನಿಂತ ಓದನ್ನು ಮುಂದುವರಿಸಲು ಅವರು ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿದರು. 1936ರಲ್ಲಿ ಅರ್ಥಶಾಸ್ತ್ರ ಮತ್ತು ಇತಿಹಾಸದಲ್ಲಿ ಬಿ.ಎ., 1938ರಲ್ಲಿ ಗುಜರಾತಿ ಮತ್ತು ಸಂಸ್ಕೃತದಲ್ಲಿ ಎಂ.ಎ. ಮುಗಿಸಿದರು. ನಡುವೆ 1937ರಲ್ಲಿ ಜ್ಯೋತ್ಸ್ನಾ ಅವರೊಂದಿಗೆ ಮದುವೆಯಾಯಿತು. ಚಳವಳಿಯ ಉಬ್ಬರ ಇಳಿದಿದ್ದ ಕಾಲ ಅದು. ಹಳ್ಳಿಯಿಂದ, ಜೈಲಿನಿಂದ, ಆಶ್ರಮದಂಥ ವಿದ್ಯಾಪೀಠದಿಂದ ಬಂದ ತರುಣನನ್ನು ಮಹಾನಗರ ಎದುರುಗೊಂಡಿತು. 1935ರಲ್ಲಿ ಅಲ್ಲಿ ಬರೆದ ಹದಿನೇಳು ಸಾನೆಟ್ಟುಗಳ ಮಾಲಿಕೆಯ ಹೆಸರು ‘ಆತ್ಮಾನಾಂ ಖಂಡೇರ’, ಆತ್ಮದ ಪಾಳುಗಳು. ಜಗತ್ತನ್ನೇ ತನ್ನದಾಗಿಸಿಕೊಳ್ಳಲು ಹೊರಟ ‘ನಾನು’ ಒಂದೊಂದೇ ಸಾನೆಟ್ಟಿನಲ್ಲಿ ತನ್ನ ಒಂದೊಂದು ಆಸರೆಯನ್ನು ಕಳೆದುಕೊಳ್ಳುತ್ತ ಹೋಗುವ ಕಥೆ ಅಲ್ಲಿದೆ. ನಿಸರ್ಗದ ಸಾಂತ್ವನ, ಪ್ರೇಮ, ಆದರ್ಶ, ಎಲ್ಲವನ್ನೂ ಮುಟ್ಟಿ ನೋಡಿ, ಯಾವುದೂ ಕೈಗೆ ನಿಲ್ಲದೆ, ಮಾಲಿಕೆ ತಲುಪುವ ಕೊನೆಯ ಮಾತು ‘ಯಥಾರ್ಥ ಜ ಸುಪಥ್ಯ ಏಕ’ ಎಂಬುದು. ಯಥಾರ್ಥವೊಂದೇ ಒಳ್ಳೆಯ ಪಥ್ಯ. ಆದಷ್ಟು ಅದನ್ನು ಅರಿಯುತ್ತ ಹೋಗುವುದು. ಠಾಕೋರರು ಪಳಗಿಸಿದ ಪೃಥ್ವೀ ವೃತ್ತದಲ್ಲಿಯೇ ಈ ಸಾಲೂ ನಡೆಯುತ್ತದೆ.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬಯಸುತ್ತೇನೆ, ಏಕೆಂದರೆ ಉಮಾಶಂಕರರ ಬಗ್ಗೆ ಬರೆಯುವ ಹಲವರು ಈ ಮಾಲಿಕೆಯನ್ನು ನಿರಾಶೆಯ ಒಂದು ತಾತ್ಕಾಲಿಕ ಘಟ್ಟವೆಂದು ಬದಿಗಿಟ್ಟು, ಗಾಂಧಿಯುಗದ ಆಶಾವಾದಿ ಕವಿ ಎಂಬ ಚಿತ್ರವನ್ನು ಕಾಪಾಡಿಕೊಳ್ಳುತ್ತಾರೆ. ನನ್ನ ಓದು ಬೇರೆ. ಪಥ್ಯ ಎಂಬುದು ವೈದ್ಯ ಹೇಳುವ ಮಾತು. ರೋಗಿ ಬದುಕಬೇಕೆಂಬ ಕಾಳಜಿಯಿಂದ ಹೇಳುವ ಮಾತು. ಶ್ರದ್ಧೆ ಉಳಿಯಬೇಕಾದರೆ ಅದು ಯಥಾರ್ಥವನ್ನೇ ಉಂಡು ಬದುಕಬೇಕು ಎಂದು ಇಪ್ಪತ್ತನಾಲ್ಕರ ಕವಿ ತನಗೆ ತಾನೇ ವಿಧಿಸಿಕೊಂಡ ನಿಯಮ ಅದು. ಮುಂದಿನ ಐವತ್ತು ವರ್ಷಗಳ ಅವರ ಬರವಣಿಗೆಯೂ ಸಾರ್ವಜನಿಕ ನಡೆಯೂ ನನಗೆ ಅರ್ಥವಾಗುವುದು ಈ ನಿಯಮದ ಬೆಳಕಿನಲ್ಲಿ. ಈ ಮಾಲಿಕೆಯನ್ನು ಒಳಗೊಂಡ ‘ನಿಶೀಥ’ ಸಂಕಲನದ ಶೀರ್ಷಿಕೆ ಕವಿತೆಯನ್ನೇ ತೆಗೆದುಕೊಳ್ಳಿ. ‘ನಿಶೀಥ ಹೇ! ನರ್ತಕ ರುದ್ರರಮ್ಯ!’ ಎಂದು ನಡುರಾತ್ರಿಯನ್ನು ನಟರಾಜನಂತೆ ಸಂಬೋಧಿಸುವ, ವೇದಮಂತ್ರದ ಘೋಷವನ್ನು ನೆನಪಿಸುವ ಉಪೇಂದ್ರವಜ್ರದ ಸಾಲು ಅದು. ರಾತ್ರಿಯನ್ನು ರುದ್ರವೆಂದೂ ರಮ್ಯವೆಂದೂ ಒಂದೇ ಉಸಿರಿನಲ್ಲಿ ಕರೆಯಲು ಸಾಧ್ಯವಾದದ್ದು, ಆತ್ಮದ ಪಾಳುಗಳನ್ನು ದಾಟಿ ಬಂದ ಕವಿಗೆ.

ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ ‘ಪ್ರಾಚೀನಾ’ ಬಂತು. ಸಂವಾದರೂಪದ ಏಳು ಕವಿತೆಗಳು: ಕರ್ಣ ಮತ್ತು ಕೃಷ್ಣ, ಗಾಂಧಾರಿ, ಬಾಲ ರಾಹುಲ, ಕುಬ್ಜೆ ಮುಂತಾದವರು ಅಲ್ಲಿ ಮಾತನಾಡುತ್ತಾರೆ. ಒಂದರ ಹೆಸರು ‘ಹತ್ತೊಂಬತ್ತನೆಯ ದಿನದ ಪ್ರಭಾತ’. ಕುರುಕ್ಷೇತ್ರದ ಯುದ್ಧ ನಡೆದದ್ದು ಹದಿನೆಂಟು ದಿನ ಎಂಬುದನ್ನು ನಾವೆಲ್ಲ ಬಲ್ಲೆವು. ಗೆದ್ದವರಿಗೆ ಹತ್ತೊಂಬತ್ತನೆಯ ದಿನ ಬೆಳಗಾದಾಗ ಏನು ಉಳಿದಿರುತ್ತದೆ ಎಂಬ ಪ್ರಶ್ನೆಯನ್ನು ಯುರೋಪು ಇನ್ನೂ ಹೊತ್ತಿ ಉರಿಯುತ್ತಿದ್ದಾಗ ಕೇಳಿದರು. ಪಂಪನ ಕರ್ಣನನ್ನೂ ಕುಮಾರವ್ಯಾಸನ ಕರ್ಣನನ್ನೂ ಎದೆಗೆ ಹಚ್ಚಿಕೊಂಡ ಕನ್ನಡದ ಓದುಗರು ‘ಕರ್ಣ ಕೃಷ್ಣ’ವನ್ನು ಜೊತೆಗಿಟ್ಟು ಓದಬೇಕು. 1965ರ ‘ಮಹಾಪ್ರಸ್ಥಾನ’ದಲ್ಲಿ ಈ ಪ್ರಕಾರವನ್ನು ಅವರು ಮತ್ತೆ ಎತ್ತಿಕೊಂಡರು. ಅದರಲ್ಲೊಂದು ಕವಿತೆ ಮಂಥರೆಯನ್ನು ಕುರಿತದ್ದು. ಲೋಕವೆಲ್ಲ ತೆಗಳುವ ದಾಸಿಯ ಒಳಮನಸ್ಸನ್ನು ಹೊಕ್ಕು ನೋಡುವ ಈ ಕೆಲಸವನ್ನು ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯದ ‘ಮಮತೆಯ ಸುಳಿ ಮಂಥರೆ’ ಎಂಬ ಸಂಚಿಕೆಯಲ್ಲಿ ಮಾಡಿದ್ದಾರೆ. ಪ್ರಶಸ್ತಿಯಲ್ಲಿ ಜೊತೆಯಾಗುವ ಮೊದಲೇ ಇಬ್ಬರೂ ಒಬ್ಬಳೇ ದಾಸಿಯ ಬಾಗಿಲಲ್ಲಿ ನಿಂತಿದ್ದರು.

ಅವರ ಸಾರ್ವಜನಿಕ ಬದುಕಿನ ವಿವರಗಳನ್ನು ವೇಗವಾಗಿ ಹೇಳಿಬಿಡುತ್ತೇನೆ. 1939ರಿಂದ 1946ರವರೆಗೆ ಅಹಮದಾಬಾದಿನಲ್ಲಿ ಸ್ನಾತಕೋತ್ತರ ಅಧ್ಯಾಪನ, 1941ರಲ್ಲಿ ಹದಿನೇಳನೆಯ ಶತಮಾನದ ಜ್ಞಾನಿಕವಿ ಅಖೋನ ಮೇಲೆ ಒಂದು ಮಹತ್ವದ ಅಧ್ಯಯನ, ಭವಭೂತಿಯ ‘ಉತ್ತರರಾಮಚರಿತ’ ಮತ್ತು ಕಾಳಿದಾಸನ ‘ಶಾಕುಂತಲ’ದ ಅನುವಾದಗಳು, 1966ರಿಂದ 1972ರವರೆಗೆ ಗುಜರಾತ್ ವಿಶ್ವವಿದ್ಯಾಲಯದ ಕುಲಪತಿ, 1970ರಿಂದ 1976ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯ, ‘ಕವಿನೀ ಶ್ರದ್ಧಾ’ ಎಂಬ ವಿಮರ್ಶಾ ಕೃತಿಗೆ 1973ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1978ರಿಂದ 1983ರವರೆಗೆ ಅದೇ ಅಕಾಡೆಮಿಯ ಅಧ್ಯಕ್ಷತೆ. ಆ ಸ್ಥಾನಕ್ಕೆ ಅವರ ನಂತರ ಬಂದವರು ನಮ್ಮ ವಿ.ಕೃ. ಗೋಕಾಕರು. ಈ ಪಟ್ಟಿಯನ್ನು ಕೇಳಿದಾಗ ಸರ್ಕಾರಕ್ಕೂ ಸಂಸ್ಥೆಗಳಿಗೂ ಹತ್ತಿರವಾಗಿ ಬಾಳಿದ ಒಬ್ಬ ಗಣ್ಯರ ಚಿತ್ರ ನಿಮ್ಮ ಕಣ್ಣ ಮುಂದೆ ಬಂದರೆ ಅದು ಸಹಜ. ಆದರೆ 1975ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ಈ ನಾಮನಿರ್ದೇಶಿತ ಸದಸ್ಯರು ಅದನ್ನು ವಿರೋಧಿಸಿದರು. ಚುನಾಯಿತರಾದ ಎಷ್ಟೋ ಮಂದಿ ಮೌನವಾಗಿದ್ದ ದಿನಗಳವು. ಸರ್ಕಾರದ ಶಿಫಾರಸಿನಿಂದ ಸದನಕ್ಕೆ ಬಂದವರು ಸದನದಲ್ಲಿ ಅದೇ ಸರ್ಕಾರದ ವಿರುದ್ಧ ನಿಲ್ಲುವುದಕ್ಕೆ ಬೇಕಾದ ಧೈರ್ಯ ಅವರಿಗೆ ಎಲ್ಲಿಂದ ಬಂತೆಂದು ಕೇಳಿದರೆ, ಹತ್ತೊಂಬತ್ತರ ವಯಸ್ಸಿಗೇ ಜೈಲು ಕಂಡವರಿಗೆ ಅದು ಹೊಸದಾಗಿ ಕಲಿಯಬೇಕಾದ ಪಾಠವಾಗಿರಲಿಲ್ಲ ಎಂದು ಹೇಳಬೇಕಾಗುತ್ತದೆ. ಇದಕ್ಕೆ ಬಹಳ ಮೊದಲಿನಿಂದಲೂ, ಅಂದರೆ 1947ರ ಜನವರಿಯಿಂದ, ‘ಸಂಸ್ಕೃತಿ’ ಎಂಬ ಪತ್ರಿಕೆಯನ್ನು ಅವರು ನಡೆಸುತ್ತಿದ್ದರು. ಅದರಲ್ಲಿ ‘ಸಮಯರಂಗ’ ಎಂಬ ಹೆಸರಿನಲ್ಲಿ ಸಮಕಾಲೀನ ಆಗುಹೋಗುಗಳ ಬಗ್ಗೆ ಟಿಪ್ಪಣಿಗಳನ್ನು ಬರೆಯುತ್ತಿದ್ದರು. 1984ರವರೆಗೆ ಆ ಪತ್ರಿಕೆ ನಡೆಯಿತು. ಒಬ್ಬ ಕವಿ ಸುಮಾರು ನಾಲ್ಕು ದಶಕ ತನ್ನ ನಾಡಿನ ಆಗುಹೋಗುಗಳಿಗೆ ಲಿಖಿತವಾಗಿ ಸ್ಪಂದಿಸುತ್ತಲೇ ಇರುವುದು ಎಷ್ಟು ಕಷ್ಟದ ವ್ರತವೆಂದು ಸಣ್ಣ ಪತ್ರಿಕೆ ನಡೆಸಿದವರಿಗೆ ವಿವರಿಸಬೇಕಾಗಿಲ್ಲ.

ಈಗ ಮೂರನೆಯ ಪರೀಕ್ಷೆಗೆ ಬರೋಣ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಇದೇ. 1956ರ ಹೊತ್ತಿಗೆ ಉಮಾಶಂಕರರು ಗುಜರಾತಿಯ ಸರ್ವಮಾನ್ಯ ಕವಿ. ಎರಡು ವರ್ಷದ ಹಿಂದೆ ಬಂದಿದ್ದ ‘ವಸಂತವರ್ಷಾ’ದಲ್ಲಿ, ನನಗೆ ದೊರೆತ ವರ್ಷಗಳಲ್ಲಿ ಭೂಮಿಯ ಅಮೃತವನ್ನು ತಂದಿದ್ದೇನೆ ಎಂಬ ಶಿಖರಿಣಿಯ ಸಾಲಿತ್ತು, ಓದುಗರು ಅದನ್ನು ಪ್ರೀತಿಯಿಂದ ಬಾಯಿಪಾಠ ಮಾಡಿಕೊಂಡಿದ್ದರು. ಅಂಥ ಹೊತ್ತಿನಲ್ಲಿ ಅವರು ‘ಛಿನ್ನಭಿನ್ನ ಛುಂ’ ಎಂಬ ಕವಿತೆ ಬರೆದರು. ಛಿನ್ನಭಿನ್ನವಾಗಿದ್ದೇನೆ ಎಂದೇ ಅದು ಆರಂಭವಾಗುತ್ತದೆ. ಛಂದಸ್ಸಿಲ್ಲದ ಕವಿತೆಯಲ್ಲಿ ಮಿಡಿಯಲು ಹೆಣಗುವ ಲಯದ ಹಾಗೆ, ಮನುಕುಲದ ಬಾಳಿನ ಬಟ್ಟೆಯ ಮೇಲೆ ಮೂಡಲು ತಿಣುಕುವ ಯಾವುದೋ ವಿನ್ಯಾಸದ ಹಾಗೆ ನಾನು ಛಿನ್ನವಾಗಿದ್ದೇನೆ ಎಂದು ಉಪಮೆಗಳು ಒಂದರ ಮೇಲೊಂದು ಬರುತ್ತವೆ. ಇಂದ್ರವಂಶ, ಪೃಥ್ವೀ, ಮಂದಾಕ್ರಾಂತ, ಶಿಖರಿಣಿಗಳನ್ನು ಕರಗತ ಮಾಡಿಕೊಂಡಿದ್ದ ಕವಿ ತನ್ನ ಒಳಗಿನ ಒಡಕನ್ನು ಹೇಳಬೇಕಾದಾಗ ವೃತ್ತವನ್ನೇ ಕೈಬಿಟ್ಟರು. ಅಖಂಡ ವೃತ್ತದಲ್ಲಿ ಕುಳಿತು ನಾನು ಒಡೆದಿದ್ದೇನೆ ಎಂದಿದ್ದರೆ ಆ ಮಾತಿಗೆ ಬೆಲೆ ಇರುತ್ತಿರಲಿಲ್ಲ.

ಗುಜರಾತಿಯಲ್ಲಿ ಮುಂದೆ ಬಂದ ಆಧುನಿಕ ಕಾವ್ಯದ ಮೊದಲ ಗುರುತುಗಳಲ್ಲಿ ಒಂದೆಂದು ಈ ಕವಿತೆಯನ್ನು ಎಣಿಸುತ್ತಾರೆ. ಹಿರಿಯ ತಲೆಮಾರಿನ ಕವಿಯೊಬ್ಬರು ಕಿರಿಯರಿಗಿಂತ ಮುಂಚೆ ಹೊಸ ದಾರಿಗೆ ಕಾಲಿಟ್ಟದ್ದು ಸಾಹಿತ್ಯ ಚರಿತ್ರೆಯಲ್ಲಿ ಅಪರೂಪ. ಆದರೆ ಅದನ್ನು ಹೊಸತನದ ಹುಮ್ಮಸ್ಸೆಂದು ಓದಿದರೆ ಸಾಲದು. ವಿಶ್ವಮಾನವನಾಗುವೆ ಎಂದು ಬರೆದಿದ್ದ ಅದೇ ಲೇಖನಿ ನಾನೇ ಒಂದಾಗಿ ಉಳಿದಿಲ್ಲ ಎಂದು ಒಪ್ಪಿಕೊಂಡಿದೆ. ಅನುಯಾಯಿಗಳೂ ಕೀರ್ತಿಯೂ ಇರುವಾಗ ಇಂಥ ಮಾತನ್ನು ಪ್ರಕಟಿಸುವುದು ಸುಲಭವಲ್ಲ. ಆ ಕವಿತೆಯಿಂದ ಆರಂಭವಾದ ಹುಡುಕಾಟ ಇಪ್ಪತ್ತೈದು ವರ್ಷ ನಡೆಯಿತು. 1981ರಲ್ಲಿ ಏಳು ಕವಿತೆಗಳು ‘ಸಪ್ತಪದೀ’ ಎಂಬ ಹೆಸರಿನಲ್ಲಿ ಒಂದಾದವು. ಮೊದಲನೆಯದು ‘ಛಿನ್ನಭಿನ್ನ ಛುಂ’, ಕೊನೆಯದು ‘ಪಂಖೀಲೋಕ’, ಹಕ್ಕಿಗಳ ಲೋಕ. ಮನುಷ್ಯನೊಬ್ಬನೇ ಇಲ್ಲ, ಹಕ್ಕಿಗಳಿವೆ ಎಂದು ಇಪ್ಪತ್ತರ ವಯಸ್ಸಿನಲ್ಲಿ ಘೋಷಿಸಿದ್ದ ಕವಿ ಎಪ್ಪತ್ತರಲ್ಲಿ ಹಕ್ಕಿಗಳಿಗೆ ಕಿವಿಗೊಟ್ಟು ಕುಳಿತರು. ಅದೇ ವರ್ಷ ಬಂದ ‘ಧಾರಾವಸ್ತ್ರ’ದ ಶೀರ್ಷಿಕೆ ಕವಿತೆ ಕೆಲವೇ ಸಾಲುಗಳದು: ಯಾರೋ ವೇಗವಾಗಿ ನಡೆದು ಹೋಗುತ್ತಿದ್ದಾರೆ, ಅವರ ಮಳೆಧಾರೆಯ ವಸ್ತ್ರ ಹಾರಾಡುತ್ತಿದೆ, ನೆಲದಲ್ಲಿ ನೆಟ್ಟ ಮರಗಳು ಅದನ್ನು ಹಿಡಿಯಲು ಸುಮ್ಮನೆ ಕೈ ಬೀಸುತ್ತಿವೆ. ಇಲ್ಲಿ ವಿಶ್ವಶಾಂತಿಯ ಘೋಷಣೆಯಿಲ್ಲ, ಛಿದ್ರತೆಯ ನೋವಿನ ಘೋಷಣೆಯೂ ಇಲ್ಲ. ಮಳೆಯೊಂದನ್ನು ಇದ್ದ ಹಾಗೆ ನೋಡುವ ಕಣ್ಣಿದೆ. ಯಥಾರ್ಥದ ಪಥ್ಯ ಕೊನೆಗೆ ತಂದುಕೊಟ್ಟ ಆರೋಗ್ಯ ಅದೆಂದು ನನಗನಿಸುತ್ತದೆ.

ತಮ್ಮ ಸಮಗ್ರ ಕಾವ್ಯ ಪ್ರಕಟವಾದಾಗ ಉಮಾಶಂಕರರು ತಾವು ಹಳ್ಳಿಯಿಂದ ಶಬ್ದವನ್ನು ಹಿಡಿದುಕೊಂಡು ಹೊರಟವರೆಂದೂ, ಆ ಶಬ್ದ ತಮ್ಮನ್ನು ಸತ್ಯಾಗ್ರಹದ ಶಿಬಿರಗಳಿಗೆ, ಜೈಲುಗಳಿಗೆ, ವಿಶ್ವವಿದ್ಯಾಲಯಕ್ಕೆ, ಸಂಸತ್ತಿಗೆ ಕರೆದುಕೊಂಡು ಹೋಯಿತೆಂದೂ ಬರೆದುಕೊಂಡರು. 1988ರ ಡಿಸೆಂಬರ್ 19ರಂದು ಅವರು ಮುಂಬಯಿಯಲ್ಲಿ ತೀರಿಕೊಂಡರು.

ನಿಮ್ಮಲ್ಲಿ ಅವರನ್ನು ಓದಬಯಸುವವರಿಗೆ ಒಂದು ಮಾತು ಹೇಳಬೇಕು. ಸಂಸ್ಕೃತ ಪದಗಳು ನಮಗೆ ಪರಿಚಿತವಾಗಿರುವುದರಿಂದಲೂ, ವೃತ್ತಗಳು ಕಿವಿಗೆ ಸಿಕ್ಕುವುದರಿಂದಲೂ, ದೇವನಾಗರಿ ಬಲ್ಲವರಿಗೆ ಗುಜರಾತಿ ಲಿಪಿ ಬೇಗ ಕೈಹಿಡಿಯುವುದರಿಂದಲೂ, ಅನುವಾದದ ಜೊತೆಗೆ ಮೂಲವನ್ನು ಇಟ್ಟುಕೊಳ್ಳುವ ಧೈರ್ಯ ಮಾಡಿ. ‘ವಿಶ್ವಶಾಂತಿ’ಯಿಂದ ಆರಂಭಿಸಬೇಡಿ, ಕವಿಯ ನಂಬಿಕೆಯನ್ನು ಮೊದಲೇ ಕೇಳಿಬಿಟ್ಟರೆ ಅದು ಆ ಕಾಲದ ಸಾಮಾನ್ಯ ಆದರ್ಶವಾದದಂತೆ ಕೇಳಿಸುವ ಅಪಾಯವಿದೆ. ‘ಆತ್ಮಾನಾಂ ಖಂಡೇರ’ದ ಹದಿನೇಳು ಸಾನೆಟ್ಟುಗಳಿಂದ ಆರಂಭಿಸಿ, ‘ಜಠರಾಗ್ನಿ’ಯನ್ನು ಗಟ್ಟಿಯಾಗಿ ಓದಿ, ‘ಕರ್ಣ ಕೃಷ್ಣ’ವನ್ನೂ ‘ಛಿನ್ನಭಿನ್ನ ಛುಂ’ ಕವಿತೆಯನ್ನೂ ಮುಗಿಸಿದ ಮೇಲೆ ಇಪ್ಪತ್ತರ ತರುಣ ಬರೆದ ಆ ಖಂಡಕಾವ್ಯವನ್ನು ಕೈಗೆತ್ತಿಕೊಳ್ಳಿ.